ಗೋಡೆ ಹಿಡಿದು ನಿಂತ ನೀರು

ಮಳೆ ನಿಂತು ಒಂದು ಇಡೀ ದಿನ ಕಳೆದ ಮೇಲೆ ಆ ಮನೆಗೆ ನೀರು ಬಂತು.

ಮಳೆ ಸುರಿದ ಮೂರು ದಿನವೂ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳಿಗೆ ಕಾಯುವುದು ಹೊಸದೇನಲ್ಲ. ಗಂಟೆಗೊಮ್ಮೆ ನೆಲಮಾಳಿಗೆಯ ಬಾಗಿಲು ತೆರೆಯುವುದು, ಹದಿಮೂರು ಮೆಟ್ಟಿಲು ಇಳಿಯುವುದು, ನಾಲ್ಕೂ ಮೂಲೆಗೆ ಟಾರ್ಚು ಬಿಡುವುದು, ನೆಲವನ್ನು ಅಂಗೈಯಿಂದ ಮುಟ್ಟಿ ನೋಡುವುದು. ನೆಲ ಒಣಗಿಯೇ ಇತ್ತು. "ನೀನು ಹೀಗೆ ಮುಟ್ಟಿ ಮುಟ್ಟಿ ನೋಡಿದ್ರೆ ಇಲ್ಲದ ಜ್ವರಾನೂ ಬರುತ್ತೆ ಕಣೇ ಅದಕ್ಕೆ," ಎಂದು ಗಂಡ ನಕ್ಕಿದ್ದ. ನಾಲ್ಕನೆಯ ದಿನ ಬಿಸಿಲು ಬಿತ್ತು, ಬೀದಿ ಒಣಗಿತು, ಅವಳು ಕಾಯುವುದನ್ನು ಬಿಟ್ಟು ನಿಶ್ಚಿಂತೆಯಿಂದ ಮಲಗಿದಳು.

ಮರುದಿನ ಬೆಳಗ್ಗೆ ಅತ್ತೆ ಹಳೆಯ ಕಂಬಳಿ ಕೇಳಿದರೆಂದು ಬಾಗಿಲು ತೆರೆದು ಮೆಟ್ಟಿಲಿಳಿದಳು. ಐದನೆಯ ಮೆಟ್ಟಿಲಿಗೆ ಕಾಲಿಟ್ಟಾಗ ಪಾದ ತಣ್ಣಗಾಯಿತು.

ಅಲ್ಲಿ ನೀರಿದೆ ಎಂದು ಅವಳ ಕಣ್ಣಿಗೆ ಕಂಡೇ ಇರಲಿಲ್ಲ. ಅಷ್ಟು ತಿಳಿ. ಮಣ್ಣಿನ ಕದಡಿಲ್ಲ, ಕಸವಿಲ್ಲ, ಒಂದು ಅಲೆಯೂ ಇಲ್ಲ. ಮೇಲಿನ ಪುಟ್ಟ ಗವಾಕ್ಷಿಯಿಂದ ಬಿದ್ದ ಎಳೆಬಿಸಿಲು ನೀರನ್ನು ಹಾದು ನೇರ ನೆಲದವರೆಗೆ ಇಳಿದಿತ್ತು, ನೆಲದ ಸಿಮೆಂಟಿನ ಗೆರೆಗಳು ಸಹ ಕಾಣುತ್ತಿದ್ದವು. ಎಲ್ಲ ಸಾಮಾನೂ ಇಟ್ಟಲ್ಲೇ ಇತ್ತು. ಕಬ್ಬಿಣದ ಟ್ರಂಕು, ಚೈನು ಕಳಚಿದ ಸೈಕಲ್ಲು, ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಮಾವನ ಗಾರೆ ಕೆಲಸದ ಕರಣೆಗಳು, ರಸಮಟ್ಟ. ಗೂಟದ ಮೇಲಿನ ಗಂಡನ ಕೆಲಸದ ಅಂಗಿ ಮಾತ್ರ ಎರಡೂ ತೋಳು ಮೇಲೆತ್ತಿ, ಯಾರನ್ನೋ ಬಾ ಎಂದು ಕರೆಯುವ ಹಾಗೆ ನಿಂತಿತ್ತು. ಒಂದು ಪ್ಲಾಸ್ಟಿಕ್ ಮಗ್ಗು, ಒಂದೇ ಒಂದು ಚಪ್ಪಲಿ ನೀರ ಮೇಲೆ ಕದಲದೆ ಕೂತಿದ್ದವು.

ಅವಳು ಮಾಡಬೇಕಾದ ಮೊದಲ ಕೆಲಸ ಮಾಡಿದಳು. ಕಾಲು ಹಿಂದಕ್ಕೆಳೆದುಕೊಂಡು, ಮೇಲೆ ಹೋಗಿ, ಕೈ ಒರೆಸಿ, ಮೇನ್ ಸ್ವಿಚ್ಚು ಇಳಿಸಿದಳು. ಎರಡನೆಯ ಕೆಲಸ ಮನೆಯವರನ್ನು ಕೂಗುವುದು. ಅದನ್ನು ಮಾಡಲಿಲ್ಲ. ಮತ್ತೆ ಬಂದು ನಾಲ್ಕನೆಯ ಮೆಟ್ಟಿಲ ಮೇಲೆ ಕೂತಳು. ಒಂದು ಸದ್ದಿಲ್ಲದೆ, ಬಾಗಿಲು ತಟ್ಟದೆ, ನೆಲದಡಿಯಿಂದ ಎದ್ದು ಬಂದು ಇಷ್ಟೆತ್ತರ ನಿಂತಿದೆಯಲ್ಲ ಇದು, ಎಂದು ನೋಡುತ್ತ ಕೂತುಬಿಟ್ಟಳು. ತಮ್ಮ ಮನೆಯ ಅತಿ ಕೊಳಕು ಕೋಣೆ ಇಷ್ಟು ಚೆಂದವಿದೆಯೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

"ಕಂಬಳಿ ತರೋಕೆ ಹೋದೋಳು ನೇಯೋಕೆ ಕೂತ್ಯಾ?" ಎಂದು ಅತ್ತೆ ಮೇಲಿನಿಂದ ಕೂಗಿದಾಗಲೇ ಎಚ್ಚರ.

ಅವಳ ಗಂಡನಿಗೆ ಬೀದಿಯ ಕೊನೆಯಲ್ಲಿ ಗಾಡಿ ತೊಳೆಯುವ ಶೆಡ್ಡಿತ್ತು. ದಿನಕ್ಕೆ ಹತ್ತಿಪ್ಪತ್ತು ಲಾರಿ, ಬಸ್ಸು ಅಲ್ಲಿ ಮೈ ತೊಳೆಸಿಕೊಂಡು ಹೋಗುತ್ತಿದ್ದವು. ಕೊಚ್ಚೆಗುಂಡಿ ಖಾಲಿ ಮಾಡಲು ಅವನು ಎರಡು ದೊಡ್ಡ ಡೀಸೆಲ್ ಪಂಪು ಇಟ್ಟುಕೊಂಡಿದ್ದ. ಅವನ್ನು ಕಂಡರೆ ಅವನಿಗೆ ಮುದ್ದು. ಎದುರುಮನೆಯ ಲೆಕ್ಕದ ಮೇಷ್ಟ್ರು ಅವನಿಗೆ 'ಪಂಪ್ ಧಣಿ' ಎಂದೇ ಹೆಸರಿಟ್ಟಿದ್ದರು.

ಆ ದಿನ ಬೀದಿಯ ಎಲ್ಲ ನೆಲಮಾಳಿಗೆಯಲ್ಲೂ ನೀರು. ಮೇಷ್ಟ್ರು ಮತ್ತು ಅವರ ಹೆಂಡತಿ ಲುಂಗಿ ಸೀರೆ ಎತ್ತಿ ಕಟ್ಟಿಕೊಂಡು ಎರಡು ಬಕೀಟಿನಲ್ಲಿ ಮೊಗೆದು ಮೊಗೆದು ಹೊರಗೆ ಸುರಿಯುತ್ತಿದ್ದರು. ಅವನು ತಳ್ಳುಗಾಡಿಯಲ್ಲಿ ಎರಡೂ ಪಂಪು ತಂದು ಅಂಗಳದಲ್ಲಿಳಿಸಿದ.

"ಮೇಷ್ಟ್ರೇ, ನಿಮ್ಮ ಬಕೀಟಿಗೆ ರಿಟೈರ್ಮೆಂಟ್ ಯಾವಾಗ?"

"ನಮ್ಮದು ಸರ್ಕಾರಿ ಸ್ಪೀಡಪ್ಪ. ನೀನು ಮುಗಿಸ್ಕೊಂಡು ಈ ಕಡೆ ಬಾ."

"ಊಟದ ಹೊತ್ತಿಗೆ ನಮ್ಮನೆ ನೆಲ ಒರೆಸಿ, ಕಾಫಿ ಹೊತ್ತಿಗೆ ನಿಮ್ಮನೆಗೆ ಬರ್ತೀನಿ."

ಪಂಪುಗಳು ಗುಡುಗಿದವು. ತೋಳಿನಷ್ಟು ದಪ್ಪದ ಪೈಪಿನಿಂದ ನೀರು ಬುಸುಗುಟ್ಟುತ್ತ ಬೀದಿಯ ಮೋರಿಗೆ ಬಿತ್ತು. ಅವನು ಸೊಂಟದ ಮೇಲೆ ಕೈಯಿಟ್ಟು, ಬೀಗರ ಮನೆಯ ಮುಂದೆ ನಿಂತವನ ಹಾಗೆ ನಿಂತ.

ಅವಳು ಪೆನ್ಸಿಲ್ಲು ಹಿಡಿದು ಮೆಟ್ಟಿಲ ಮೇಲೆ ಕೂತಳು. ಕಾಲು ಗಂಟೆಗೊಮ್ಮೆ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ವೇಳೆ. ಯಾರೂ ಬರೆಯೆಂದು ಹೇಳಿರಲಿಲ್ಲ, ಬರೆಯದೆ ಇರಲು ಅವಳಿಗೆ ಬರುತ್ತಿರಲಿಲ್ಲ. ಎರಡು ಗಂಟೆಯಲ್ಲಿ ಎರಡೂವರೆ ಅಡಿ ಇಳಿಯಿತು. ಅಂಗಿಯ ತೋಳುಗಳು ಸೋತು ಕೆಳಗೆ ಬಿದ್ದವು. ಸೈಕಲ್ಲಿನ ಹ್ಯಾಂಡಲ್ಲು ಹೊರಗೆ ಬಂತು.

ಆಗ ಅವಳಿಗೆ ಹಿತ್ತಲ ಕಡೆಯ ಗೋಡೆಯಲ್ಲಿ ಏನೋ ಹೊಳೆದಂತಾಯಿತು. ಕಣ್ಣು ಕಿರಿದು ಮಾಡಿ ನೋಡಿದಳು. ಗೋಡೆಯ ನಡುಮಧ್ಯದಿಂದ ಕೂದಲೆಳೆಯಷ್ಟು ಸಣ್ಣ ನೀರು ಕೋಣೆಯೊಳಕ್ಕೆ ಚಿಮ್ಮುತ್ತಿತ್ತು. ಬಿಸಿಲಿನಲ್ಲಿ ಬೆಳ್ಳಿಯ ಎಳೆಯ ಹಾಗೆ ಬಾಗಿ, ಮೂರಡಿ ದೂರ ಬಂದು, ಸದ್ದಿಲ್ಲದೆ ಬೀಳುತ್ತಿತ್ತು. ನೋಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು ಎಳೆ. ಮತ್ತೊಂದು. ಆಮೇಲೆ ಗೋಡೆಯೊಳಗಿಂದ 'ಟಕ್' ಎಂದು, ಯಾರೋ ಬೆರಳು ನೆಟಿಗೆ ಮುರಿದ ಸದ್ದು. ಅಂಗೈಯಗಲ ಗಾರೆ ಕಳಚಿ ನೀರಿಗೆ ಬಿತ್ತು.

ಅವಳು ಪೆನ್ಸಿಲ್ಲು ಬಿಟ್ಟು ಎದ್ದಳು. ಎರಡೆರಡು ಮೆಟ್ಟಿಲು ಹತ್ತಿ ಅಂಗಳಕ್ಕೆ ಓಡಿದಳು.

"ರೀ! ಸ್ವಲ್ಪ ಆರ್ಸಿ ಅದನ್ನ! ಗೋಡೆ ಬಿರುಕು ಬಿಟ್ಟಿದೆ!"

"ಏನು?"

"ಗೋಡೆ!"

"ಅಯ್ಯೋ, ಐದಡಿ ನೀರಲ್ಲಿ ನೆನೆದ ಗೋಡೆ ಹನಿ ಜಿನುಗದೆ ಇರುತ್ತೇನೇ? ಇನ್ನೊಂದು ಗಂಟೆ ಬಾಯಿ ಮುಚ್ಕೊಂಡಿರು, ನೆಲಾನೇ ತೋರಿಸ್ತೀನಿ."

ಅವಳು ಅವನೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ಜಗಲಿಯ ಮೇಲೆ ಕೂತಿದ್ದ ಮಾವನ ಹತ್ತಿರ ಹೋದಳು. ಆ ಮನೆಯನ್ನು, ನೆಲಮಾಳಿಗೆಯಿಂದ ಹಿಡಿದು ಸೂರಿನವರೆಗೆ, ತಮ್ಮ ಕೈಯಾರೆ ಕಟ್ಟಿದವರು ಅವರು. ಐವತ್ತು ವರ್ಷ ಗಾರೆ ಕೆಲಸ ಮಾಡಿ ಮಂಡಿ ಸವೆದು, ಎರಡು ವರ್ಷದಿಂದ ಮೆಟ್ಟಿಲು ಇಳಿದಿರಲಿಲ್ಲ.

"ಮಾವ, ಹಿತ್ತಲ ಕಡೆ ಗೋಡೆ ಬಿರುಕು ಬಿಟ್ಟಿದೆ. ನೀರು ಒಳಕ್ಕೆ ಚಿಮ್ತಾ ಇದೆ."

ಅವರು ಕಣ್ಣು ಮುಚ್ಚಿ ಕೇಳಿದರು. "ಬಿರುಕು ಮೇಲಿಂದ ಕೆಳಕ್ಕೆ ಇದೆಯೋ? ಇಲ್ಲಾ ಈ ಮೂಲೆಯಿಂದ ಆ ಮೂಲೆಗೆ ಅಡ್ಡ ಹೋಗಿದೆಯೋ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು ತಾಯಿ."

"ಅಡ್ಡ. ನನ್ನ ಎದೆ ಮಟ್ಟಕ್ಕೆ."

ಮಾವ ಕಣ್ಣು ತೆರೆದರು. "ಮೇಲಿಂದ ಕೆಳಕ್ಕೆ ಸೀಳಿದ್ರೆ ಮನೆ ಕೂರ್ತಾ ಇದೆ ಅಂತ ಅರ್ಥ. ಅದಕ್ಕೆ ಹೆದರ್ಬೇಕಿಲ್ಲ. ಅಡ್ಡ ಸೀಳಿದ್ರೆ ಹೊರಗಿಂದ ಯಾರೋ ತಳ್ತಾ ಇದ್ದಾರೆ ಅಂತ." ಹಿತ್ತಲ ಕಡೆ ಕೊರಳು ತಿರುಗಿಸಿ, "ಬಾವಿ ನೋಡಿದ್ರಾ ಯಾರಾದ್ರೂ?" ಎಂದರು.

ಬಾವಿಯನ್ನು ಯಾರೂ ನೋಡಿರಲಿಲ್ಲ. ಶೆಡ್ಡಿನ ಬೋರ್‌ವೆಲ್ಲಿನಿಂದ ಮನೆಗೆ ನಲ್ಲಿ ಎಳೆದ ಮೇಲೆ ಹಿತ್ತಲ ಬಾವಿಗೆ ತಗಡು ಮುಚ್ಚಿ, ಅದರ ಮೇಲೆ ಹೂವಿನ ಕುಂಡ ಇಟ್ಟು ಮರೆತಿದ್ದರು. ಅವಳು ಕುಂಡ ಸರಿಸಿ ತಗಡನ್ನು ಎಳೆದಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಬಾವಿಯಿಂದ ಅವಳು ಸೇದಿದ್ದುಂಟು. ಹಗ್ಗ ಮೂವತ್ತಡಿ ಇಳಿದ ಮೇಲೆ ಎಲ್ಲೋ ಪಾತಾಳದಲ್ಲಿ ಕೊಡ ಮುಳುಗಿದ ಸದ್ದು ಬರುತ್ತಿತ್ತು. ಈಗ ಬಗ್ಗಿದವಳ ಮೂಗಿನ ಎದುರಿಗೇ ಅವಳ ಮುಖ, ಹಿಂದೆ ಬಿಳಿಮೋಡ ತುಂಬಿದ ಆಕಾಶ. ಅವಳು ಬೆಚ್ಚಿ ಹಿಂದೆ ಸರಿದಳು. ಆಮೇಲೆ ಕೈ ಚಾಚಿದಳು. ಮೊಣಕೈ ನೆಟ್ಟಗಾಗುವ ಮೊದಲೇ ಬೆರಳಿಗೆ ನೀರು ಸಿಕ್ಕಿತು.

ಕಾಲಡಿಯ ಹುಲ್ಲು ಒಣಗಿತ್ತು. ಒಂದು ಚಿಟ್ಟೆ ಹಾರುತ್ತಿತ್ತು. ಆ ಹುಲ್ಲಿನ ಒಂದೂವರೆ ಅಡಿ ಕೆಳಗೆ, ಈ ಹಿತ್ತಲು, ಆ ಬೀದಿ, ಎದುರಿನ ಸಾಲು, ಎಲ್ಲದರ ಅಡಿಯಲ್ಲೂ ಇದೇ ನೀರು ತುಂಬಿ ನಿಂತಿದೆ ಎಂದು ಅವಳಿಗೆ ಹೊಳೆಯಿತು. ಊರಿಗೆ ಊರೇ ನೀರಲ್ಲಿ ಮೊಣಕಾಲು ಇಳಿಬಿಟ್ಟುಕೊಂಡು ಕೂತಿತ್ತು, ಬಿಸಿಲು ಕಾಯಿಸುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ.

"ಎಷ್ಟಿದೆ?" ಮಾವ ಜಗಲಿಯಿಂದ ಕೂಗಿದರು.

"ಕೈಗೆ ಸಿಗುತ್ತೆ ಮಾವ!"

"ಆರ್ಸೋ ಅದನ್ನ!" ಮಾವ ಮಗನಿಗೆ ಅರಚಿದ ಸದ್ದು ಎರಡು ಡೀಸೆಲ್ ಪಂಪಿಗಿಂತ ಜೋರಾಗಿತ್ತು. ಹತ್ತು ವರ್ಷದಿಂದ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಅವನು ಬೆಪ್ಪಾಗಿ ಎರಡೂ ಪಂಪು ಆರಿಸಿದ.

"ಹೊರಗಿನ ನೀರು ಗೋಡೇನ ಒಳಗೆ ತಳ್ತಾ ಇದೆ. ಒಳಗಿನ ನೀರು ಹೊರಗೆ ತಳ್ತಾ ಇತ್ತು. ಇಬ್ಬರ ನಡುವೆ ಗೋಡೆ ಆರಾಮಾಗಿ ನಿಂತಿತ್ತು. ನೀನು ಒಬ್ಬನನ್ನ ಎಳ್ಕೊಂಡು ಹೋಗಿ ಮೋರಿಗೆ ಹಾಕ್ದೆ."

"ಅಪ್ಪಾ, ಗೋಡೆ ಅಷ್ಟಕ್ಕೆಲ್ಲಾ ಬೀಳುತ್ತಾ? ನೀನೇ ಕಟ್ಟಿದ್ದು."

ಮಾವ ತಮ್ಮ ಅಂಗೈಗಳನ್ನು ನೋಡಿಕೊಂಡರು. "ನಾನು ಕಟ್ಟಿದ್ದಕ್ಕೇ ಹೇಳ್ತಾ ಇದ್ದೀನಿ. ಮೂರು ಗೋಡೆ ಜೋಡಿ ಇಟ್ಟಿಗೆ. ಹಿತ್ತಲ ಕಡೇದು ಒಂಟಿ. ಮುಂದೆ ಆ ಕಡೆ ಇನ್ನೊಂದು ರೂಮು ತೆಗೆಯೋಣ, ಆಗ ಒಡೆಯೋ ಗೋಡೆ ತಾನೇ, ಅಂತ ಅಂದ್ಕೊಂಡೆ. ಆಗ ವಯಸ್ಸು. ಅವಸರ. ನಿಮ್ಮಮ್ಮನಿಗೂ ಹೇಳಿರ್ಲಿಲ್ಲ."

"ನಲವತ್ತು ವರ್ಷ ಒಂಟಿ ಇಟ್ಟಿಗೆ ಮೇಲೆ ಸಂಸಾರ ಮಾಡಿದ್ನಾ ನಾನು?" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಒಳಗಿನಿಂದ ಮತ್ತೆ 'ಟಕ್' ಎಂದಿತು. ಈ ಸಲ ಎಲ್ಲರಿಗೂ ಕೇಳಿಸಿತು. ಅತ್ತೆ ಬಾಗಿಲು ಬಿಟ್ಟು ಅಂಗಳಕ್ಕಿಳಿದರು. ಆ ಗೋಡೆಯ ನೇರ ಮೇಲೆ ಅಡಿಗೆಮನೆ, ಅದರ ಮೇಲೆ ಮಲಗುವ ಕೋಣೆ.

"ಈಗ ಏನ್ ಮಾಡೋದು?" ಗಂಡನ ಸ್ವರ ಮೆತ್ತಗಾಗಿತ್ತು.

"ತೆಗೆದಿದ್ದನ್ನ ವಾಪಸ್ ತುಂಬು."

"ಏನಂದೆ?"

"ಬಾವಿಯಿಂದ ಎಳೆದು ಒಳಗೆ ಬಿಡು. ಹೊರಗೆ ಇಳಿಯುತ್ತೆ, ಒಳಗೆ ಏರುತ್ತೆ. ಬೇಗ!"

ಅವನು ಬೀದಿಯ ಕಡೆ ನೋಡಿದ. ಬಕೀಟು ಹಿಡಿದವರೆಲ್ಲ ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಇಡೀ ಬೆಳಗ್ಗೆ ಎದೆಯುಬ್ಬಿಸಿ ಖಾಲಿ ಮಾಡಿದ ಕೋಣೆಗೆ ಅವರೆಲ್ಲರ ಕಣ್ಣೆದುರು ತಾನೇ ನೀರು ತುಂಬುವುದೆಂದರೆ! ಅವನ ಕಾಲು ಏಳಲಿಲ್ಲ.

ಅವಳು ಬಗ್ಗಿ ಪೈಪಿನ ತುದಿ ಎತ್ತಿಕೊಂಡಳು. ಭಾರವಿತ್ತು. ಎರಡೂ ಕೈಯಿಂದ ತಬ್ಬಿಕೊಂಡು ಹಿತ್ತಲ ಕಡೆ ಎಳೆಯತೊಡಗಿದಳು. "ನೀವು ಆನ್ ಮಾಡ್ತೀರೋ, ನಾನೇ ಮಾಡ್ಲೋ? ನಂಗೆ ಅದರ ಸ್ಟಾರ್ಟ್ ಮಾಡೋ ಹಗ್ಗ ಎಳೆಯೋಕೆ ಬರಲ್ಲ. ಬರೋವರೆಗೂ ಎಳೀತೀನಿ."

ಅವನು ಓಡಿ ಬಂದು ಪೈಪಿಗೆ ಹೆಗಲು ಕೊಟ್ಟ.

ಅತ್ತೆಯನ್ನು ಎದುರುಮನೆಗೆ ಕಳಿಸಿದರು. ಮಾವನನ್ನು ಕುರ್ಚಿ ಸಮೇತ ಎತ್ತಿ ಅಂಗಳದ ಆಚೆ ಗೇಟಿನ ಹತ್ತಿರ ಕೂರಿಸಿದರು. ಒಂದು ಪೈಪು ಬಾವಿಗೆ, ಇನ್ನೊಂದು ನೆಲಮಾಳಿಗೆಯ ಬಾಗಿಲಿಗೆ. ಪಂಪು ಗುಡುಗಿತು. ಮನೆಯೊಳಕ್ಕೆ ನೀರು ಧೋ ಎಂದು ಬಿತ್ತು.

ಬೀದಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮೇಷ್ಟ್ರು ಬಕೀಟು ಸಮೇತ ಗೇಟಿಗೆ ಬಂದರು. "ಏನಪ್ಪಾ ಧಣಿ, ಮೀನು ಸಾಕ್ತೀಯಾ?"

ಯಾರೂ ನಗಲಿಲ್ಲ. ಮಾವ ಎರಡು ಮಾತಿನಲ್ಲಿ ವಿಷಯ ಹೇಳಿದರು. ಮೇಷ್ಟ್ರು ಕೈಯ ಬಕೀಟನ್ನು ನೋಡಿದರು, ತಮ್ಮ ಮನೆಯನ್ನು ನೋಡಿದರು. ಬೆಳಗಿನಿಂದ ಅವರು ಮೊಗೆದರೂ ನೀರು ನಾಲ್ಕು ಬೆರಳೂ ಇಳಿದಿರಲಿಲ್ಲ. ಮೊಗೆದಷ್ಟೂ ಮತ್ತೆ ಬರುತ್ತಿತ್ತು. ಅದಕ್ಕೆ ಅವರು ಬೆಳಗಿನಿಂದ ಶಪಿಸುತ್ತಿದ್ದರು. ಬಕೀಟನ್ನು ಮೆಲ್ಲಗೆ ನೆಲಕ್ಕಿಟ್ಟು, "ಲೇ, ಮೊಗೀಬೇಡ, ಬಿಡು," ಎಂದು ಹೆಂಡತಿಗೆ ಕೂಗಿದರು. ಆ ಬೀದಿಯಲ್ಲಿ ಗೋಡೆ ಬೀಳಿಸುವಷ್ಟು ಶಕ್ತಿ ಇದ್ದದ್ದು ಒಂದೇ ಮನೆಗೆ.

ಅವಳು ಯಾರಿಗೂ ಹೇಳದೆ ಮೆಟ್ಟಿಲಿಗೆ ಹೋದಳು. ಹೋಗಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಯಾರಾದರೂ ನೋಡದಿದ್ದರೆ ಎಷ್ಟಕ್ಕೆ ನಿಲ್ಲಿಸಬೇಕೆಂದು ಗೊತ್ತಾಗುವುದು ಹೇಗೆ? ಮೇಲಿನ ಎರಡನೆಯ ಮೆಟ್ಟಿಲ ಮೇಲೆ, ಓಡಲು ಒಂದು ಕಾಲು ಸಿದ್ಧವಿಟ್ಟುಕೊಂಡು ನಿಂತಳು.

ಗೋಡೆ ಒಳಕ್ಕೆ ಉಬ್ಬಿತ್ತು. ಬರಿಗಣ್ಣಿಗೇ ಕಾಣುತ್ತಿತ್ತು, ಉಸಿರು ಹಿಡಿದವರ ಹೊಟ್ಟೆಯ ಹಾಗೆ. ಬಿರುಕಿನ ಉದ್ದಕ್ಕೂ ಹತ್ತಿಪ್ಪತ್ತು ಬೆಳ್ಳಿಯೆಳೆಗಳು ಚಿಮ್ಮುತ್ತಿದ್ದವು. ಕೆಳಗೆ ನೀರು ಏರುತ್ತಿತ್ತು. ಹನ್ನೊಂದೂಕಾಲರ ಗೆರೆ ಮುಳುಗಿತು. ಹನ್ನೊಂದರ ಗೆರೆ ಮುಳುಗಿತು. ಹತ್ತು ಮುಕ್ಕಾಲಿನ ಗೆರೆ. ಅವಳು ತಾನೇ ಬರೆದ ಬೆಳಗು ಒಂದೊಂದಾಗಿ ಅಳಿಸಿ ಹೋಗುತ್ತಿರುವುದನ್ನು ನೋಡುತ್ತ ನಿಂತಳು. ನೀರು ಬಿರುಕಿನ ಮಟ್ಟ ದಾಟಿ ಅದರ ಮೇಲೆ ಏರಿತು, ಚಿಮ್ಮುವುದು ನೀರೊಳಗೇ ಸಣ್ಣ ಸುಳಿಗಳಾಯಿತು. ಒಂದು ಗಂಟೆಯ ನಂತರ ಸುಳಿಗಳೂ ಒಂದೊಂದಾಗಿ ಸುಮ್ಮನಾದವು. ಉಗುರು ತೂರುವಷ್ಟಿದ್ದ ಸಂದಿ ಬಿಸಿಲಿನಲ್ಲಿ ಪೆನ್ಸಿಲ್ ಗೆರೆಯಷ್ಟೇ ಆಗಿ ಕಂಡಿತು. ರಕ್ತ ಸೋರುವ ಗಾಯದ ಮೇಲೆ ಅಂಗೈ ಒತ್ತಿ ಹಿಡಿದು ಕೂತ ರಾತ್ರಿಗಳು ಅವಳಿಗೆ ನೆನಪಾದವು. ಒತ್ತಿದ ಕೈಗೆ ಗೊತ್ತಾಗುತ್ತದೆ, ನಿಂತಿತು ಎಂದು. ಇಲ್ಲಿ ಕೈ ಇರಲಿಲ್ಲ. ನೀರೇ ಒತ್ತಿ ಹಿಡಿದಿತ್ತು. ತಾವೆಲ್ಲ ಶತ್ರುವೆಂದು ಓಡಿಸಲು ಹೊರಟದ್ದು ಬೆಳಗಿನಿಂದ ತಮ್ಮ ಮನೆಯನ್ನು ಬೆನ್ನು ಕೊಟ್ಟು ಹಿಡಿದಿತ್ತು.

ಅವಳ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು.

"ಸಾಕು! ಆರ್ಸಿ!" ಎಂದು ಕೂಗಿದಳು.

ಆಮೇಲಿನ ಕೆಲಸ ಹನ್ನೊಂದು ದಿನದ್ದು. ಅಡಿಗೆಮನೆಯ ಬಾಗಿಲಿಗೆ ಅವಳು ಒಂದು ಚಾರ್ಟು ಅಂಟಿಸಿದಳು, ರೋಗಿಯ ಮಂಚಕ್ಕೆ ನೇತುಹಾಕುವಂಥದ್ದೇ. ಒಂದು ಸಾಲು ಬಾವಿಗೆ, ಒಂದು ಸಾಲು ನೆಲಮಾಳಿಗೆಗೆ. ಒಳಗಿನ ನೀರು ಹೊರಗಿನದಕ್ಕಿಂತ ಒಂದು ಅಡಿಗಿಂತ ಹೆಚ್ಚು ಕೆಳಗೆ ಹೋಗಕೂಡದು ಎಂಬುದು ಮಾವನ ಅಪ್ಪಣೆ. ಬಾವಿ ಇಳಿದಷ್ಟೇ ಇವರೂ ಇಳಿಸಬೇಕು. ಬಾವಿ ಇಳಿಯದ ದಿನ ಪಂಪು ಮುಟ್ಟುವ ಹಾಗಿಲ್ಲ. ಪಂಪ್ ಧಣಿ ದಿನಕ್ಕೆ ಇಪ್ಪತ್ತು ನಿಮಿಷ ಪಂಪು ಓಡಿಸಿ, ಉಳಿದ ಹೊತ್ತು ಅದರ ಪಕ್ಕ ಕೂತು ಹಲ್ಲು ಕಡಿಯುತ್ತಿದ್ದ.

ಅವಳು ಆಸ್ಪತ್ರೆಗೆ ಹೋದಾಗ ಅಳೆಯುವ ಡ್ಯೂಟಿ ಅತ್ತೆಯದು. ಅತ್ತೆ ಟೇಪು ಮುಟ್ಟುತ್ತಿರಲಿಲ್ಲ. ಬಿದಿರಿನ ಕೋಲನ್ನು ನೀರಿಗೆ ತಾಗುವವರೆಗೆ ಇಳಿಸಿ, ಎಷ್ಟು ಒಳಗೆ ಹೋಯಿತೆಂದು ಗೇಣಿನಲ್ಲಿ ಅಳೆಯುತ್ತಿದ್ದರು.

"ಇವತ್ತು ಎರಡು ಗೇಣು ಮೂರು ಬೆರಳು ಇಳಿದಿದೆ," ಎಂದರು ಒಂದು ಸಂಜೆ.

ಅವಳಿಗೆ ಗಾಬರಿ. "ಅಷ್ಟು ಹೇಗೆ ಅತ್ತೆ? ಬೆಳಗ್ಗೆ ಅಳೆದಿದ್ದು ಯಾರು?"

"ನಿಮ್ಮ ಮಾವ."

ಅವಳು ಇಬ್ಬರ ಕೈಯನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದಳು. ಮಾವನ ಗೇಣು ಅತ್ತೆಯದಕ್ಕಿಂತ ಎರಡು ಇಂಚು ಉದ್ದ. "ಗೋಡೆಗೆ ಇಟ್ಟಿಗೆ ಕಮ್ಮಿ, ಕೈಗೆ ಮಾತ್ರ ಜಾಸ್ತಿ," ಎಂದರು ಅತ್ತೆ. ಮಾವ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಆ ಒಂಟಿ ಗೋಡೆಯ ಮಾತು ಹೊರಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮೇಷ್ಟ್ರು ದಿನವೂ ಬಂದು ಚಾರ್ಟು ನೋಡಿ, ತಮ್ಮ ಮನೆಯ ನೀರಿನ ಲೆಕ್ಕ ಹೇಳಿ ಹೋಗುತ್ತಿದ್ದರು. ಅವಳು ಅದಕ್ಕೊಂದು ಮೂರನೆಯ ಸಾಲು ಎಳೆದಳು. ಐದನೆಯ ದಿನ ಅದನ್ನು ನೋಡುತ್ತಿದ್ದವಳಿಗೆ ಮೈ ಜುಮ್ಮೆಂದಿತು. ಇವರ ಬಾವಿ ಐದು ಇಂಚು ಇಳಿದ ದಿನ, ಬೀದಿಯಾಚೆ, ಯಾರೂ ಬಕೀಟು ಮುಟ್ಟದ ಮೇಷ್ಟ್ರ ನೆಲಮಾಳಿಗೆಯಲ್ಲೂ ಐದು ಇಂಚು. ಮೂರು ಇಳಿದ ದಿನ ಅಲ್ಲೂ ಮೂರು. ಇಪ್ಪತ್ತು ವರ್ಷ ನಾಡಿ ಹಿಡಿದಿದ್ದಳು. ಇಷ್ಟು ದೊಡ್ಡ ಮೈಯ ನಾಡಿಯನ್ನು ಹಿಡಿದದ್ದು ಅದೇ ಮೊದಲು.

ಹನ್ನೊಂದನೆಯ ದಿನ ಬಾವಿಯ ನೀರು ನೆಲಮಾಳಿಗೆಯ ನೆಲಕ್ಕಿಂತ ಒಂದು ಮೊಳ ಕೆಳಗೆ ಹೋಗಿತ್ತು. ಕೊನೆಯ ಅರ್ಧ ಅಡಿ ನೀರು ಎಳೆದು ಪಂಪು ಗೊರಗೊರ ಎಂದಿತು. ಗಂಡ ಅದನ್ನು ಆರಿಸಿ, ಹೆಂಡತಿಯ ಮುಖ ನೋಡಿದ. "ಇಳೀಲಾ?"

"ತಡೀರಿ," ಎಂದಳು. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು, ಕೇಳಿದಳು. 'ಟಕ್' ಎನ್ನಲಿಲ್ಲ. ಆಮೇಲೆ ತಾನೇ ಮೊದಲು ಇಳಿದಳು. ನೆಲದ ಮೇಲೆ ಹಿಟ್ಟಿನಂಥ ನುಣ್ಣನೆಯ ಮಣ್ಣು ಒಂದು ಪದರ ಕೂತಿತ್ತು. ಅವಳ ಹೆಜ್ಜೆ ಒಂದೊಂದೂ ಅದರಲ್ಲಿ ಮೂಡಿತು.

ಮಾವ ಕೇಳಲಿಲ್ಲ. ತಮ್ಮನ್ನೂ ಇಳಿಸಬೇಕೆಂದು ಹಟ ಹಿಡಿದರು. ಮಗ, ಮೇಷ್ಟ್ರು ಇಬ್ಬರೂ ಕುರ್ಚಿ ಸಮೇತ ಎತ್ತಿಕೊಂಡು ಬಂದರು. "ಬಿಟ್ಟೀರಾ ಮೇಷ್ಟ್ರೇ, ಇವರೂ ಒಂಟಿ ಪೀಸೇ," ಎಂದು ಅತ್ತೆ ಹಿಂದಿನಿಂದ ಹೇಳುತ್ತಲೇ ಬಂದರು. ಗೋಡೆ ಎರಡು ಬೆರಳು ಒಳಕ್ಕೆ ಬಾಗಿ ನಿಂತಿತ್ತು. ಮಾವ ಅಂಗೈಯನ್ನು ಬಿರುಕಿನ ಉದ್ದಕ್ಕೂ ಜಾರಿಸಿದರು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು.

"ಇದರ ಮುಂದೆ ಇನ್ನೊಂದು ಗೋಡೆ ಎಬ್ಬಿಸ್ಬೇಕು. ಜೋಡಿ ಇಟ್ಟಿಗೇದು. ನಾನು ಕೂತು ಹೇಳ್ತೀನಿ, ನೀನು ಕಟ್ಟು," ಎಂದರು ಮಗನಿಗೆ. "ದಿನಕ್ಕೆ ಮೂರು ವರಸೆ ಇಟ್ಟಿಗೆ. ನಾಲ್ಕನೇದು ಇಟ್ರೆ ಕೈ ಮುರೀತೀನಿ. ಅಲ್ಲೀವರೆಗೂ ಇದು ನಿಲ್ಲುತ್ತೆ."

"ನಿಲ್ಲುತ್ತಾ ಮಾವ?" ಎಂದಳು ಅವಳು. ಹನ್ನೊಂದು ದಿನದಿಂದ ಗಂಟಲಲ್ಲೇ ಇದ್ದ ಪ್ರಶ್ನೆ.

"ನಿಲ್ಲುತ್ತೆ ತಾಯಿ. ತಳ್ಳೋನು ಹೊರಟುಹೋದ."

ಅವಳು ರೋಗಿಯ ಬೆನ್ನಿಗೆ ಕಿವಿಯಿಡುವ ಹಾಗೆ ಗೋಡೆಗೆ ಕಿವಿಯಿಟ್ಟಳು. ಮೊದಲು ತನ್ನದೇ ರಕ್ತದ ಸದ್ದು. ಆಮೇಲೆ, ಇಟ್ಟಿಗೆಯ ಆಚೆ, ಆಳದಲ್ಲಿ, ಇಷ್ಟಿಷ್ಟೇ ಹೀರಿಕೊಂಡಂಥ ಸದ್ದು. ಮಣ್ಣಿನ ಕಣಕಣದ ನಡುವಿಂದ ನೀರು ಇಳಿಯುತ್ತಿತ್ತು, ಈ ಮನೆಯ ಬೆನ್ನಿನಿಂದ, ಬೀದಿಯ ಅಡಿಯಿಂದ, ಎಲ್ಲೆಡೆಯಿಂದ ಒಟ್ಟಿಗೆ, ತಾನು ಬಂದ ಜಾಗಕ್ಕೆ.

ಅವಳು ಮಾತಾಡದೆ ಕೈ ಬೀಸಿ ಕರೆದಳು. ಗಂಡ ಬಂದು ಕಿವಿಯಿಟ್ಟ. ಅತ್ತೆ ಸೆರಗು ಸರಿಸಿ ಕಿವಿಯಿಟ್ಟರು. ಮೇಷ್ಟ್ರು ಕನ್ನಡಕ ತೆಗೆದು ಕಿವಿಯಿಟ್ಟರು. ಮಾವ ಕುರ್ಚಿಯಿಂದಲೇ ಕೊರಳು ಚಾಚಿ ಕೆನ್ನೆ ಒತ್ತಿದರು. ಐದು ಜನ ಒಂದು ಗೋಡೆಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು ನಿಂತರು.

"ನಂಗೇನೂ ಕೇಳ್ತಿಲ್ಲ ಕಣೇ," ಎಂದ ಗಂಡ ಪಿಸುದನಿಯಲ್ಲಿ.

"ಶ್," ಎಂದಳು ಅವಳು. "ನಿಮ್ಮ ಪಂಪಿನ ಸದ್ದು ಇನ್ನೂ ಕಿವೀಲಿದೆ. ಸ್ವಲ್ಪ ಹೊತ್ತು ಸುಮ್ನಿರಿ. ಬರುತ್ತೆ."